ಜಾರಿ ಬಿದ್ದೆ ಅಂದವಳನ್ನು ಇನ್ನೊಮ್ಮೆ ಕೇಳಿ

ಮಳೆಗಾಲದ ಕೊಡಗಿನಲ್ಲಿ ಜಾರಿ ಬೀಳುವುದು ದೊಡ್ಡ ಸುದ್ದಿಯಲ್ಲ. ಅಂಗಳದಲ್ಲಿ ಪಾಚಿ, ತೋಟದ ಇಳಿಜಾರಿನಲ್ಲಿ ಕೆಸರು, ತೋಟದ ಕೂಲಿಯವರ ಲೈನ್ ಮನೆಯ ಮೆಟ್ಟಿಲ ಮೇಲೆ ಸದಾ ನೀರು. ಹಾಗಾಗಿ ಐದು ತಿಂಗಳ ಬಸುರಿಯೊಬ್ಬಳು ಊದಿದ ಕೆನ್ನೆ ಹೊತ್ತು ಆಸ್ಪತ್ರೆಗೆ ಬಂದು "ಜಾರಿ ಬಿದ್ದೆ ಸಿಸ್ಟರ್" ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಹೊಟ್ಟೆ ಮುಟ್ಟಿ ನೋಡುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಾರೆ, "ಹುಷಾರಾಗಿ ಓಡಾಡಮ್ಮ" ಅಂತ ಹೇಳಿ ಕಳಿಸುತ್ತಾರೆ. ಗಂಡ ಪಕ್ಕದಲ್ಲೇ ನಿಂತಿರುತ್ತಾನೆ. ತಾಯಿ ಕಾರ್ಡ್ ಅವನ ಅಂಗಿ ಜೇಬಿನಲ್ಲಿರುತ್ತದೆ.

ನಿಜವಾಗಿ ಜಾರಿ ಬಿದ್ದವರ ಗಾಯಕ್ಕೆ ಅದರದೇ ಜಾಗಗಳಿವೆ. ಬೀಳುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಅಂಗೈ ತರಚುತ್ತದೆ, ಮಣಿಕಟ್ಟು ಉಳುಕುತ್ತದೆ, ಮೊಣಕಾಲಿಗೋ ಸೊಂಟಕ್ಕೋ ಪೆಟ್ಟಾಗುತ್ತದೆ. ಕೆನ್ನೆ, ಕಿವಿ, ಕುತ್ತಿಗೆ, ತೋಳಿನ ಒಳಭಾಗ, ಎದೆ, ಹೊಟ್ಟೆ ಇವು ಸಾಮಾನ್ಯವಾಗಿ ಜಾರಿ ಬಿದ್ದು ಆಗುವ ಗಾಯಗಳಲ್ಲ. ಕಂದಿದ ಒಂದು ಗುರುತು ಹಳದಿಗೆ ತಿರುಗಿದೆ, ಪಕ್ಕದ್ದು ಇನ್ನೂ ನೀಲಿ ಇದೆ ಅಂದರೆ ಎರಡೂ ಒಂದೇ ದಿನದ್ದಲ್ಲದಿರಬಹುದು. ಪೆಟ್ಟಾಗಿ ಮೂರು ದಿನ ಕಳೆದ ಮೇಲೆ ಆಸ್ಪತ್ರೆಗೆ ಬಂದಿದ್ದರೆ, ಆ ಮೂರು ದಿನ ಯಾಕೆ ತಡವಾಯಿತು ಅನ್ನುವುದೂ ಒಂದು ಪ್ರಶ್ನೆ. ಇಷ್ಟರಿಂದಲೇ ಹೊಡೆದಿದ್ದಾರೆ ಅಂತ ತೀರ್ಮಾನಿಸಲು ಆಗುವುದಿಲ್ಲ. ಆದರೆ ಅವಳನ್ನು ಒಂಟಿಯಾಗಿ ಕೂರಿಸಿ ಇನ್ನೊಂದು ಮಾತು ಕೇಳಲು ಇಷ್ಟು ಸಾಕು.

ಆ ಇನ್ನೊಂದು ಮಾತಿನ ಬಗ್ಗೆಯೇ ಈ ಲೇಖನ. ಬಸಿರಿನ ಒಂಬತ್ತು ತಿಂಗಳಲ್ಲಿ ಹೆಣ್ಣು ಆಸ್ಪತ್ರೆಯ ಬಾಗಿಲಿಗೆ ಬರುವಷ್ಟು ಸಲ ಬಹುಶಃ ಬದುಕಿನಲ್ಲಿ ಇನ್ಯಾವತ್ತೂ ಬರುವುದಿಲ್ಲ. ಪೊಲೀಸ್ ಠಾಣೆಗೆ ಹೋಗಲಾರದವಳು, ವಕೀಲರ ಮುಖ ನೋಡದವಳು, ತವರಿಗೂ ಹೇಳಿಕೊಳ್ಳದವಳು ಕೂಡ ತಪಾಸಣೆಗೆ ಬರುತ್ತಾಳೆ. ಗಂಡನೇ ಕರೆತರುತ್ತಾನೆ. ಆ ಭೇಟಿಗಳಲ್ಲಿ ಅವಳಿಗೆ ಒಂಟಿಯಾಗಿ ಐದು ನಿಮಿಷ ಸಿಗಬೇಕು. ಉಳಿದ ಎಲ್ಲಾ ಸಹಾಯ ಶುರುವಾಗುವುದು ಅಲ್ಲಿಂದ.

ಇದು ಎಷ್ಟು ದೊಡ್ಡ ಸಮಸ್ಯೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ದೇಶದಲ್ಲೇ ಕೆಟ್ಟದಾಗಿತ್ತು. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಯಾವತ್ತಾದರೂ ಹಿಂಸೆ ಅನುಭವಿಸಿದ್ದೇವೆ ಅಂದರು. ದೇಶದ ಸರಾಸರಿ ಶೇ 29.3. ಬಸುರಿಯಾಗಿದ್ದಾಗಲೇ ಹೊಡೆತ ತಿಂದವರು ರಾಜ್ಯದಲ್ಲಿ ನೂರಕ್ಕೆ ಸುಮಾರು ಆರು ಮಂದಿ. ಈ ಆರು ಅನ್ನುವುದು ಮೈಮೇಲೆ ಬಿದ್ದ ಏಟಿನ ಲೆಕ್ಕ ಮಾತ್ರ. ಬೈಗುಳ, ಹೆದರಿಸುವುದು, ಬೇಡವೆಂದರೂ ಮೇಲೆ ಬೀಳುವುದು, ಕೈಗೆ ಕಾಸು ಕೊಡದಿರುವುದು ಇದರಲ್ಲಿ ಸೇರಿಲ್ಲ. ಇನ್ನೊಂದು ಅಂಕಿ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ಸಹಾಯ ಕೇಳುವುದಿರಲಿ, ಯಾರಿಗೂ ಹೇಳಿಯೇ ಇಲ್ಲ. ಅವರಾಗಿ ಹೇಳಲಿ ಅಂತ ಕಾಯುತ್ತಾ ಕೂತರೆ ಮುಕ್ಕಾಲು ಭಾಗ ಹೆಂಗಸರು ನಮಗೆ ಕಾಣಿಸುವುದೇ ಇಲ್ಲ.

"ಇದು ಗಂಡ ಹೆಂಡತಿ ಜಗಳ, ಆಸ್ಪತ್ರೆಗೇನು ಸಂಬಂಧ" ಅನ್ನುವವರು ಈಗಲೂ ಇದ್ದಾರೆ. ಸಂಬಂಧ ನೇರವಾಗಿದೆ. ಹೊಟ್ಟೆಗೆ ಬಿದ್ದ ಪೆಟ್ಟಿನಿಂದ ಮಾಸು ಗರ್ಭಕೋಶದ ಗೋಡೆಯಿಂದ ಕಿತ್ತುಬರಬಹುದು. ಕೆಲವೊಮ್ಮೆ ರಕ್ತ ಹೊರಗೆ ಕಾಣಿಸುವುದೇ ಇಲ್ಲ, ಒಳಗೇ ಶೇಖರವಾಗುತ್ತದೆ. ಅದಕ್ಕೇ ಆರು ತಿಂಗಳು ದಾಟಿದವಳ ಹೊಟ್ಟೆಗೆ ಪೆಟ್ಟಾಗಿದ್ದರೆ ನೋವಿಲ್ಲ ಅಂದರೂ ಸುಮ್ನೆ ಮನೆಗೆ ಕಳಿಸಬಾರದು, ಕೆಲವು ಗಂಟೆ ಇಟ್ಟುಕೊಂಡು ನೋಡಬೇಕು. ತಾಯಿಯ ರಕ್ತ ನೆಗೆಟಿವ್ ಗುಂಪಿನದ್ದಾದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು. ಅವಳು "ಕೈಯೂರಿ ಬಿದ್ದೆ, ಹೊಟ್ಟೆಗೆ ಏನೂ ಆಗಿಲ್ಲ" ಅಂತ ಸುಳ್ಳು ಹೇಳಿದರೆ ಆ ಇಂಜೆಕ್ಷನ್ ನೆನಪೇ ಆಗುವುದಿಲ್ಲ. ಅದರ ಪೆಟ್ಟು ಮುಂದಿನ ಬಸಿರಿನ ಮಗುವಿಗೂ ತಟ್ಟಬಹುದು. ದಿನ ತುಂಬುವ ಮೊದಲೇ ಹೆರಿಗೆ, ತೂಕ ಕಡಿಮೆಯ ಮಗು, ಗರ್ಭಪಾತ, ಬಾಣಂತಿಯ ಖಿನ್ನತೆ ಎಲ್ಲವೂ ಹಿಂಸೆ ಇರುವ ಮನೆಗಳಲ್ಲಿ ಜಾಸ್ತಿ. ತಪಾಸಣೆಗೆ ತಡವಾಗಿ ಬರುವುದು, ಕಬ್ಬಿಣದ ಮಾತ್ರೆ ತಿನ್ನದಿರುವುದು, ಎರಡು ತಿಂಗಳು ಕಳೆದರೂ ತೂಕ ಏರದಿರುವುದು, ಇವನ್ನು ನಾವು "ಅವಳ ಅಸಡ್ಡೆ" ಅಂತ ಬರೆದುಬಿಡುತ್ತೇವೆ. ಅಸಡ್ಡೆಯ ಹಿಂದೆ ಊಟ ಕಿತ್ತುಕೊಳ್ಳುವವನೊಬ್ಬ ಇರಬಹುದು ಅಲ್ವಾ?

ಹಾಗಾದರೆ ಬಂದ ಪ್ರತಿಯೊಬ್ಬಳನ್ನೂ ಪಟ್ಟಿ ಹಿಡಿದು ಕೇಳಿಬಿಡೋಣವೇ? ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಹೇಳುವುದಿಲ್ಲ, ಮತ್ತು ಅದು ಸರಿ ಅಂತ ನನಗೂ ಅನ್ನಿಸುತ್ತದೆ. ಗಾಯ, ಪದೇ ಪದೇ ಬರುವ ನೋವು, ಮಂಕುತನದಂಥ ಸುಳಿವು ಕಂಡಾಗ ಕೇಳಿ, ಕೇಳುವ ಮೊದಲು ಮುಂದೇನು ಮಾಡುತ್ತೀರಿ ಅನ್ನುವುದಕ್ಕೆ ವ್ಯವಸ್ಥೆ ಇಟ್ಟುಕೊಳ್ಳಿ ಅನ್ನುವುದು ಆ ಸಂಸ್ಥೆಯ ಮಾತು. ಬಾಯಿ ಬಿಡಿಸಿ, ಆಮೇಲೆ "ಅಯ್ಯೋ ಪಾಪ" ಅಂದು ಅದೇ ಮನೆಗೆ ಕಳಿಸುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಗಂಡನ ಎದುರೇ ಕೇಳುವುದು ಅಪಾಯ. ಅವತ್ತಿನ ರಾತ್ರಿಯ ಹೊಡೆತಕ್ಕೆ ನಾವೇ ಕಾರಣವಾಗುತ್ತೇವೆ.

ಇಲ್ಲಿ ಕೊಡಗಿನ ಕಷ್ಟ ಶುರುವಾಗುತ್ತದೆ. ಒಂಟಿತನ ಇಲ್ಲಿ ಸುಲಭಕ್ಕೆ ಸಿಗುವ ವಸ್ತುವಲ್ಲ. ಲೈನ್ ಮನೆ ಅಂದರೆ ಒಂದೇ ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುತ್ತದೆ. ಆಶಾ ಕಾರ್ಯಕರ್ತೆ ಬಂದರೆ ಇಡೀ ಲೈನಿಗೆ ಗೊತ್ತಾಗುತ್ತದೆ. ಆಶಾ ಅಕ್ಕನ ಗಂಡನೂ ಅದೇ ತೋಟದ ಕೆಲಸಕ್ಕೆ ಹೋಗುವವನಿರಬಹುದು. ಆದಿವಾಸಿಗಳ ಹಾಡಿಗಳಲ್ಲೂ ಅಷ್ಟೇ, ಎಲ್ಲರೂ ನೆಂಟರು. ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ಕಾಫಿ ಕೊಯ್ಲಿಗೆ ಬಂದ ಹೆಣ್ಣುಮಕ್ಕಳದ್ದು ಇನ್ನೊಂದು ಬಗೆ. ಅವರಿಗೆ ಕನ್ನಡ ಬರುವುದಿಲ್ಲ, ನರ್ಸಿಗೆ ಅವರ ಭಾಷೆ ಬರುವುದಿಲ್ಲ. ಅರೆಬರೆ ಹಿಂದಿಯಲ್ಲಿ ಮಾತು ದಾಟಿಸುವವನು ಗಂಡನೇ. ಹೊಡೆಯುವವನ ಬಾಯಿಂದಲೇ ಹೊಡೆಸಿಕೊಂಡವಳ ಉತ್ತರ ಬರುತ್ತದೆ.

ಇದು ಕೂಲಿಯವರ ಮನೆಯ ಕಥೆ ಅಂತ ಮಾತ್ರ ಯಾರೂ ತಿಳಿಯಬೇಡಿ. ನೂರಾರು ಎಕರೆ ತೋಟದ ದೊಡ್ಡ ಮನೆಯಲ್ಲಿ ಗೋಡೆಗಳು ದಪ್ಪ, ಪಕ್ಕದ ಮನೆ ಅರ್ಧ ಮೈಲಿ ದೂರ. ಅಲ್ಲಿ ಕೂಗಿದರೆ ಕೇಳುವವರೇ ಇಲ್ಲ. ಕುಟುಂಬದ ಹೆಸರು ಕೆಡುತ್ತದೆ ಅನ್ನುವ ಹೆದರಿಕೆ ಬೇರೆ. ಅವಳು ತಪಾಸಣೆಗೆ ಮೈಸೂರಿನ ಖಾಸಗಿ ಆಸ್ಪತ್ರೆಗೆ ಕಾರಿನಲ್ಲಿ ಹೋಗುತ್ತಾಳೆ. ಡಾಕ್ಟರ ಎದುರು ಗಂಡ, ಅತ್ತೆ ಇಬ್ಬರೂ ಕೂತಿರುತ್ತಾರೆ. ಆಶಾ ಕಾರ್ಯಕರ್ತೆ ಅವಳ ಗೇಟು ದಾಟಿ ಒಳಗೆ ಹೋಗುವುದು ಅಪರೂಪ. ಖಾಸಗಿ ಆಸ್ಪತ್ರೆಗಳೂ ಕೇಳಲೇಬೇಕು ಅಂತ ನಾನು ಹೇಳುವುದು ಇದಕ್ಕೆ.

ಒಂಟಿಯಾಗಿ ಐದು ನಿಮಿಷ ಗಿಟ್ಟಿಸಲು ದೊಡ್ಡ ಖರ್ಚೇನೂ ಬೇಡ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ, 2016ರಿಂದ ನಡೆದುಬಂದ ಕೇಂದ್ರದ ಯೋಜನೆ ಅದು. ಆ ದಿನ ಬೆಂಚಿನ ಮೇಲೆ ಜಾಗವಿರುವುದಿಲ್ಲ. ಆದರೂ ತೂಕ, ರಕ್ತ, ಮೂತ್ರ ಪರೀಕ್ಷೆ ಎಲ್ಲರಿಗೂ ಆಗಲೇಬೇಕು. ಮೂತ್ರದ ಡಬ್ಬಿ ಕೈಗೆ ಕೊಟ್ಟು ಸಿಸ್ಟರ್ ಶೌಚಾಲಯದ ತನಕ ಜೊತೆಗೆ ಹೋದರೆ ಯಾವ ಗಂಡನೂ ಹಿಂದೆ ಬರುವುದಿಲ್ಲ. ಸ್ಕ್ಯಾನಿಂಗ್ ಕೋಣೆಗೂ ಬಾಗಿಲಿದೆ. "ಒಳಗಿನ ತಪಾಸಣೆಗೆ ಹೆಂಗಸರಷ್ಟೇ" ಅಂತ ಎಲ್ಲರಿಗೂ ಒಂದೇ ನಿಯಮ ಮಾಡಿ ಗೋಡೆಗೆ ಅಂಟಿಸಿದರೆ ಯಾರೊಬ್ಬಳ ಮೇಲೂ ಅನುಮಾನ ಬರುವುದಿಲ್ಲ. ಸಹಾಯವಾಣಿಯ ನಂಬರು ಶೌಚಾಲಯದ ಬಾಗಿಲಿನ ಒಳಬದಿಯಲ್ಲಿರಲಿ. ಹೊರಗಿನ ಹಜಾರದ ಗೋಡೆಯ ಪೋಸ್ಟರನ್ನು ಅವಳು ಗಂಡನ ಎದುರು ತಲೆಯೆತ್ತಿ ಓದುವುದಿಲ್ಲ.

ಯಾವ ಮಾತಿನಲ್ಲಿ ಕೇಳಬೇಕು ಅನ್ನುವುದೂ ಮುಖ್ಯ. "ನಿಮ್ಮ ಮೇಲೆ ಕೌಟುಂಬಿಕ ದೌರ್ಜನ್ಯ ನಡೆಯುತ್ತಿದೆಯೇ" ಅಂದರೆ ಅವಳು ಇಲ್ಲ ಅನ್ನುತ್ತಾಳೆ. ತನಗೆ ಆಗುತ್ತಿರುವುದಕ್ಕೆ ಅಂಥ ಹೆಸರಿದೆ ಅಂತಲೇ ಅವಳಿಗೆ ಗೊತ್ತಿರುವುದಿಲ್ಲ. "ಮನೆಯಲ್ಲಿ ನೆಮ್ಮದಿ ಇದೆಯಾ ಅಮ್ಮ? ಜಗಳ ಆದಾಗ ಅವರು ಕೈ ಮಾಡ್ತಾರಾ? ಕುಡಿದು ಬಂದಾಗ ನಿಂಗೆ ಹೆದರಿಕೆ ಆಗುತ್ತಾ?" ಅಂದರೆ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಆಗ ಪೆನ್ನು ಕೆಳಗಿಡಬೇಕು. "ಯಾಕೆ ಸಹಿಸಿಕೊಂಡೆ", "ನೀನೇನು ಮಾಡಿದ್ದೆ" ಅಂತ ಕೇಳಬಾರದು. "ಸ್ವಲ್ಪ ಹೊಂದಿಕೊಂಡು ಹೋಗು, ಮಗು ಹುಟ್ಟಿದ ಮೇಲೆ ಸರಿಹೋಗ್ತಾನೆ" ಅನ್ನುವ ಮಾತಂತೂ ಬೇಡವೇ ಬೇಡ. ನೀನು ಹೇಳಿದ್ದನ್ನು ನಂಬುತ್ತೇನೆ, ಇದರಲ್ಲಿ ನಿನ್ನ ತಪ್ಪಿಲ್ಲ, ನಿನಗೆ ಈಗ ಏನು ಬೇಕು ಹೇಳು. ಇಷ್ಟು ಸಾಕು. ಅವಳು ಇಲ್ಲ ಅಂದರೆ ಒತ್ತಾಯ ಬೇಡ. ಮುಂದಿನ ತಿಂಗಳು ಮತ್ತೆ ಕೇಳಿದರಾಯಿತು.

ಹೌದು ಅಂದರೆ ಮೊದಲು ತಿಳಿಯಬೇಕಾದ್ದು ಇವತ್ತು ರಾತ್ರಿ ಅವಳು ಮನೆಗೆ ಹೋದರೆ ಜೀವಕ್ಕೆ ಅಪಾಯ ಇದೆಯಾ ಅನ್ನುವುದು. ಇತ್ತೀಚೆಗೆ ಹೊಡೆತ ಜಾಸ್ತಿಯಾಗಿದೆಯಾ? ಕೊಂದುಬಿಡ್ತೀನಿ ಅಂದಿದ್ದಾನಾ? ಕುತ್ತಿಗೆ ಹಿಸುಕಿದ್ದಾನಾ? ಕುತ್ತಿಗೆಗೆ ಕೈ ಹಾಕಿದ ಗಂಡಸು ಮುಂದೆ ಪ್ರಾಣ ತೆಗೆಯುವ ಸಂಭವ ಜಾಸ್ತಿ. ಹೊರಗೆ ಗುರುತಿಲ್ಲದಿದ್ದರೂ ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ ಅದನ್ನು ಹಗುರವಾಗಿ ಕಾಣಬಾರದು. ಕೊಡಗಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಮನೆಯಲ್ಲಿ ಕೋವಿ ಇದೆಯಾ, ಅದು ಯಾರ ಕೈಗೆ ಸಿಗುತ್ತದೆ? ಕೊಡವರಿಗೆ, ಜಮ್ಮಾ ಅನ್ನುವ ಇಲ್ಲಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಸಾರುವ, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ನಾಡು ಇದು. ಆ ಗೌರವವನ್ನು ನಾನು ಪ್ರಶ್ನಿಸುತ್ತಿಲ್ಲ. ಹೊಡೆಯುವವನಿರುವ ಮನೆಯಲ್ಲಿ ಕೋವಿ ಎಲ್ಲಿದೆ ಅಂತ ತಿಳಿದಿರುವುದು ಒಂದು ಜೀವದ ಪ್ರಶ್ನೆ. ತೋಟದ ಮನೆಗಳಲ್ಲಿ ಕೈಗೆ ಸಿಗುವ ಕ್ರಿಮಿನಾಶಕದ ಡಬ್ಬಿಯ ಬಗ್ಗೆಯೂ ಕೇಳಬೇಕು. ಇದು ಅವಳಿಗಾಗಿ. "ಸಾಯೋಣ ಅನ್ನಿಸುತ್ತಾ" ಅಂತ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೊರಗೆ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನವಿಡೀ ತೆರೆದಿರುತ್ತದೆ.

ಕಾನೂನು ಈ ವಿಷಯದಲ್ಲಿ ಆಸ್ಪತ್ರೆಯ ಪರವಾಗಿಯೇ ಇದೆ. ಅನೇಕ ಆಸ್ಪತ್ರೆಗಳಿಗೆ ಅದು ಗೊತ್ತಿಲ್ಲ ಅಷ್ಟೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005ರ ಪ್ರಕಾರ ದೂರು ಕೊಟ್ಟಿಲ್ಲ ಅನ್ನುವ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ನಡೆದ ಹಿಂಸೆಯನ್ನು ದಾಖಲಿಸುವ ಅವಳ ಕೌಟುಂಬಿಕ ಘಟನಾ ವರದಿ ಇನ್ನೂ ಆಗಿಲ್ಲದಿದ್ದರೆ ಆಸ್ಪತ್ರೆಯೇ ಆ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಉಚಿತವಾಗಿ ಸಿಗಬೇಕು. ಕರ್ನಾಟಕದಲ್ಲಿ ಈ ಸಂರಕ್ಷಣಾಧಿಕಾರಿ ಬೇರಾರೂ ಅಲ್ಲ, ತಾಲ್ಲೂಕಿನ ಸಿಡಿಪಿಒ, ಅಂಗನವಾಡಿಗಳನ್ನು ನೋಡಿಕೊಳ್ಳುವವರೇ. ಘಟನಾ ವರದಿ ಎಫ್‌ಐಆರ್ ಅಲ್ಲ. ಅದರಿಂದ ಗಂಡನನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಇದನ್ನು ಅವಳಿಗೆ ಬಿಡಿಸಿ ಹೇಳಬೇಕು, ಯಾಕೆಂದರೆ "ಅವರನ್ನು ಜೈಲಿಗೆ ಹಾಕ್ತಾರಾ" ಅನ್ನುವುದೇ ಅವಳ ಮೊದಲ ಹೆದರಿಕೆ. ಮುಂದೆ ಬೇಕೆಂದಾಗ ಮ್ಯಾಜಿಸ್ಟ್ರೇಟ್ ಮುಂದೆ ರಕ್ಷಣಾ ಆದೇಶ ಕೇಳಲು, ಅದೇ ಮನೆಯಲ್ಲಿರುವ ಹಕ್ಕು ಕೇಳಲು, ಖರ್ಚಿಗೆ ಹಣ ಕೇಳಲು ಆ ಕಾಗದ ಆಧಾರವಾಗುತ್ತದೆ. ಅರ್ಜಿ ಹಾಕಿದರೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಅನ್ನುತ್ತದೆ ಕಾಯ್ದೆ. ವಕೀಲರಿಗೆ ದುಡ್ಡು ಬೇಡ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ. ಫೋನ್ 15100.

ಬರೆದಿಡುವುದರಲ್ಲಿ ಒಂದು ಎಚ್ಚರ ಬೇಕು. ತಾಯಿ ಕಾರ್ಡಿನಲ್ಲಿ ಇದನ್ನು ಬರೆಯಲೇಬಾರದು. ಆ ಕಾರ್ಡು ಮನೆಗೆ ಹೋಗುತ್ತದೆ, ಅತ್ತೆ ನೋಡುತ್ತಾರೆ, ಗಂಡ ಓದುತ್ತಾನೆ. ಗಾಯ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ, ಅವಳ ಬಾಯಿಂದ ಬಂದ ಮಾತು ಏನು ಅನ್ನುವುದು ಆಸ್ಪತ್ರೆಯ ಕಡತದಲ್ಲಿ ಬೀಗದೊಳಗಿರಬೇಕು.

ಇನ್ನು ಆಸರೆ. ಜಿಲ್ಲೆಗೊಂದರಂತೆ "ಸಖಿ" ಕೇಂದ್ರದ ಯೋಜನೆ ಇದೆ. ವೈದ್ಯರು, ಆಪ್ತಸಮಾಲೋಚಕರು, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಸೂರಿನಡಿ, ಜೊತೆಗೆ ಐದು ದಿನದವರೆಗೆ ತಂಗಲು ಜಾಗ. ಸಹಾಯವಾಣಿ 181. ಆದರೆ ಕುಟ್ಟದ ಕಡೆಯ ಹಾಡಿಯಿಂದ ಮಡಿಕೇರಿಗೆ ಬರಲು ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ ಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರಿಲ್ಲ, ಟವರಿಲ್ಲದಿದ್ದರೆ 181 ಬರೀ ಮೂರು ಅಂಕಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದಿರುವುದು ದೊಡ್ಡ ಉಪಕಾರ, ಗಂಡನ ಹತ್ತಿರ ಬಸ್ ಚಾರ್ಜ್ ಕೇಳದೆ ಆಸ್ಪತ್ರೆಗೆ ಹೋಗಬಹುದು. ಆದರೆ ಕೊಡಗಿನ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಹಾಗಾಗಿ ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ಆಸ್ಪತ್ರೆಗಳಲ್ಲೇ ಒಂದು ಹಾಸಿಗೆ ಈ ಕಾರಣಕ್ಕೆ ಮೀಸಲಿರಬೇಕು ಅನ್ನುವುದು ನನ್ನ ಅಭಿಪ್ರಾಯ. "ಬಿಪಿ ಜಾಸ್ತಿ ಇದೆ, ಎರಡು ದಿನ ಇರಲಿ" ಅಂತ ಡಾಕ್ಟರು ಅಡ್ಮಿಟ್ ಮಾಡಿಕೊಂಡರೆ ಯಾರೂ ತಕರಾರು ಮಾಡುವುದಿಲ್ಲ. ಆ ಎರಡು ದಿನದಲ್ಲಿ ಸಿಡಿಪಿಒ ಬರಬಹುದು, ತವರಿಗೆ ಫೋನು ಹೋಗಬಹುದು. ಮುಂಬೈ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಎರಡು ದಶಕಕ್ಕೂ ಹಿಂದೆ ಶುರುವಾದ "ದಿಲಾಸಾ" ಕೇಂದ್ರ ಇದನ್ನೇ ತೋರಿಸಿತು: ಆಪ್ತಸಮಾಲೋಚಕರು ಆಸ್ಪತ್ರೆಯೊಳಗೇ ಇದ್ದರೆ, ನರ್ಸುಗಳಿಗೆ ತರಬೇತಿ ಸಿಕ್ಕರೆ, ಹೆಂಗಸರು ಹೇಳಿಕೊಳ್ಳುತ್ತಾರೆ. ನಮ್ಮ ಗಡಿಯಾಚೆಯ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲೂ "ಭೂಮಿಕಾ" ಹೆಸರಿನಲ್ಲಿ ಇಂಥ ಕೇಂದ್ರಗಳಿವೆ.

ಲೈನ್ ಮನೆಯ ಹೆಣ್ಣಿಗೆ ಗಂಡನನ್ನು ಬಿಡುವುದೆಂದರೆ ಮನೆ ಬಿಡುವುದು, ಕೆಲಸ ಬಿಡುವುದು, ಒಟ್ಟಿಗೆ ಮೂರೂ. ಆ ಕೋಣೆ ಸಿಕ್ಕಿರುವುದು ಜೋಡಿಯಾಗಿ ಕೆಲಸಕ್ಕೆ ಸೇರಿದ್ದಕ್ಕೆ. ಅಡ್ವಾನ್ಸ್ ತೆಗೆದುಕೊಂಡಿರುವುದು ಗಂಡ, ತೀರುವುದು ಇಬ್ಬರ ಕೂಲಿಯಲ್ಲಿ. ಗಂಡನಿಗೆ ಸೇರದ ಮನೆಯಾದರೂ ಅವಳು ಸಂಸಾರ ಮಾಡಿಕೊಂಡಿದ್ದ ಮನೆಯಿಂದ ಅವಳನ್ನು ಹೊರಹಾಕುವಂತಿಲ್ಲ, ಅಗತ್ಯಬಿದ್ದರೆ ಅವನೇ ಹೊರಗಿರಬೇಕು ಅಂತ ಆದೇಶ ಕೊಡಲು ಕಾಯ್ದೆಯಲ್ಲಿ ಜಾಗವಿದೆ. ಆದರೆ ತೋಟದಲ್ಲಿ ಅದನ್ನು ನಿಜ ಮಾಡುವವರು ಸಾಹುಕಾರರು ಮತ್ತು ತೋಟದ ಲೆಕ್ಕ ಬರೆಯುವ ರೈಟರು. "ಅವಳು ಇಲ್ಲೇ ಇರಲಿ, ಬೇರೆ ಲೈನಿನಲ್ಲಿ ಒಂದು ಕೋಣೆ ಕೊಡಿ, ಅಡ್ವಾನ್ಸ್ ಅವನ ಲೆಕ್ಕಕ್ಕೆ ಹಾಕಿ" ಅನ್ನುವ ಒಂದು ಮಾತು ಅವಳಿಗೆ ಕೋರ್ಟಿಗಿಂತ ಬೇಗ ಸಿಗುವ ನ್ಯಾಯ. ಬೆಳೆಗಾರರ ಸಂಘಟನೆಗಳು ಕೂಲಿಯ ದರ, ಆನೆ ಕಾಟ ಎಲ್ಲವನ್ನೂ ಸಭೆಯಲ್ಲಿ ಚರ್ಚಿಸುತ್ತವೆ. ಇದನ್ನೂ ಚರ್ಚಿಸಲಿ.

ಸಹಿಯ ವಿಷಯದಲ್ಲಿ ಒಂದು ತಪ್ಪು ರೂಢಿ ಗಟ್ಟಿಯಾಗಿ ಕೂತಿದೆ. ಗರ್ಭ ತೆಗೆಸಲು ಗಂಡನ ಸಹಿ ಬೇಕು ಅಂತ ಎಷ್ಟೋ ಕಡೆ ಕೇಳುತ್ತಾರೆ. 18 ದಾಟಿದವಳಿಗೆ ಅವಳ ಒಪ್ಪಿಗೆ ಒಂದೇ ಸಾಕು, ಕಾನೂನಿನಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಬಲವಂತದಿಂದ ನಿಂತ ಗರ್ಭವಾದರೆ, ಬಲವಂತ ಮಾಡಿದವನು ಗಂಡನೇ ಆದರೂ, ವೈದ್ಯಕೀಯ ಗರ್ಭಪಾತದ ಮಟ್ಟಿಗೆ ಅದನ್ನು ಅತ್ಯಾಚಾರವೆಂದೇ ಪರಿಗಣಿಸಿ 24 ವಾರದವರೆಗೆ ಅವಕಾಶ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹೆರಿಗೆಯಾದ ಮೇಲೆ ಮತ್ತೆ ಗರ್ಭ ನಿಲ್ಲದಂತೆ ಕೊಡುವ "ಅಂತರ" ಚುಚ್ಚುಮದ್ದಿಗೂ ಗಂಡನ ಒಪ್ಪಿಗೆ ಬೇಡ. ಮೂರು ತಿಂಗಳಿಗೊಮ್ಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮನೆಯಲ್ಲಿ ಬಚ್ಚಿಡಬೇಕಾದ ಮಾತ್ರೆಯೂ ಇಲ್ಲ.

18 ತುಂಬದ ಹುಡುಗಿ ಬಸುರಿಯಾಗಿ ಬಂದರೆ ನಿಯಮ ಬೇರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಈ ಹೆದರಿಕೆಗೆ ಕೆಲವರು ಹೆರಿಗೆ ತನಕ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಅವಳನ್ನು ಬೈಯದೆ, ಮುಂದೇನಾಗುತ್ತದೆ ಅಂತ ಅವಳ ಭಾಷೆಯಲ್ಲಿ, ಹಾಡಿಯ ಯರವ ಹುಡುಗಿಗೆ ಯರವ ಮಾತಿನಲ್ಲಿ, ತಿಳಿಸಿ ಹೇಳುವವರು ಬೇಕು. ಹಾಡಿಯ ಹೆಣ್ಣುಮಕ್ಕಳನ್ನೇ ಈ ಕೆಲಸಕ್ಕೆ ತಯಾರು ಮಾಡುವುದು ಒಂದೇ ದಾರಿ.

ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇದೆಯಲ್ಲ, ಅದು ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿರಬೇಕು. ಏಳನೇ ತಿಂಗಳಲ್ಲಿ ಮಡಿಲು ತುಂಬಿಸಿಕೊಂಡು ಹೋದವಳಿಗೆ ಕೆಲವು ತಿಂಗಳಾದರೂ ಏಟಿಲ್ಲ, ಹೊಟ್ಟೆ ತುಂಬ ಊಟ. ಎರಡನೇ ಬಸಿರಿಗೆ ಆ ಬಿಡುವಿಲ್ಲ. ತೋಟದಿಂದ ತೋಟಕ್ಕೆ ಅಲೆಯುವವಳಿಗೆ ತವರೇ ಸಾವಿರಾರು ಕಿಲೋಮೀಟರ್ ದೂರ. ತವರಿಂದ ವಾಪಸಾದ ಮೇಲಿನ ದಿನಗಳೂ ಸುಲಭವಲ್ಲ. ನಿದ್ದೆಗೆಟ್ಟ ಬಾಣಂತಿ, ಅಳುವ ಮಗು, ಹುಟ್ಟಿದ್ದು ಹೆಣ್ಣಾದರೆ ಚುಚ್ಚು ಮಾತು. ಆಶಾ ಕಾರ್ಯಕರ್ತೆ ಹೆರಿಗೆಯಾದ 42ನೇ ದಿನದವರೆಗೆ ಮನೆಗೆ ಬರುತ್ತಾಳೆ. ಮಗುವಿನ ತೂಕ ನೋಡುತ್ತಾಳೆ, ಹೊಕ್ಕುಳು ನೋಡುತ್ತಾಳೆ. ಅಷ್ಟೇ ಸಹಜವಾಗಿ ತಾಯಿಯ ತೋಳನ್ನೂ ನೋಡಬಹುದು.

ಅದಾದ ಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಮಗುವಿಗೆ ಲಸಿಕೆ. ಬಸಿರಿನ ತಪಾಸಣೆಗೆ ಬಂದ ಗಂಡಸರು ಲಸಿಕೆಗೆ ಬರುವುದು ಕಡಿಮೆ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು ಅಂತ ಸಿಸ್ಟರ್ ಹೇಳುತ್ತಾರೆ. ಮಗು ಅತ್ತು ಸುಸ್ತಾಗಿ ಮಲಗಿರುತ್ತದೆ, ಬೆಂಚಿನ ಮೇಲೆ ಅವಳು ಒಬ್ಬಳೇ ಇರುತ್ತಾಳೆ. ಬಸುರಿಯಾಗಿದ್ದಾಗ ನಾಲ್ಕು ಸಲ "ಇಲ್ಲ" ಅಂದವಳನ್ನು ಐದನೇ ಸಲ ಕೇಳಲು ಅದಕ್ಕಿಂತ ಒಳ್ಳೆಯ ಅರ್ಧ ಗಂಟೆ ನನಗೆ ತೋಚುತ್ತಿಲ್ಲ.